ಮಕ್ಕಳು ಹತ್ತಿ ಇಳಿದ ಪ್ರಾಣಿಗಳು

ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಒಂದು ಹೆಸರೂ ಇರಲಿಲ್ಲ. ಈಗ ಇದನ್ನು ಕಲಿಸುವ ಕಾಲೇಜುಗಳಿವೆಯಂತೆ. ಮೊನ್ನೆ ಸದಾಶಿವನಗರದ ನಮ್ಮ ಮನೆಗೆ ಇಬ್ಬರು ವಿದ್ಯಾರ್ಥಿಗಳು ಹುಡುಕಿಕೊಂಡು ಬಂದು, "ಸಾರ್, ನೀವು ಮಕ್ಕಳು ಆಡೋ ಶಿಲ್ಪಗಳನ್ನ ಮಾಡ್ತಿದ್ರಂತೆ" ಎಂದರು. ಶಿಲ್ಪ ಎಂಬ ಮಾತು ಕೇಳಿ ಮುಜುಗರವಾಯಿತು. ಕಚೇರಿಯಲ್ಲಿ ನನ್ನ ಕೆಲಸವನ್ನು "ಜಾರುಬಂಡೆ, ಅಲಂಕಾರ ಸಹಿತ" ಎಂದು ಕರೆಯುತ್ತಿದ್ದರು. ಅಲಂಕಾರ ಬೇಡ ಎಂದು ಯಾರಾದರೂ ಮೇಲಧಿಕಾರಿಗಳು ಆ ಎರಡು ಪದ ಹೊಡೆದು ಹಾಕಿದ್ದರೆ ನನ್ನ ಬದುಕೆಲ್ಲ ಚರಂಡಿಯ ನಕ್ಷೆ ಬರೆಯುವುದರಲ್ಲೇ ಕಳೆದುಹೋಗುತ್ತಿತ್ತು.

ಆ ಹುಡುಗರು ಕಾಫಿ ಕುಡಿದು ಹೋದ ಮೇಲೆ, ಹೇಳಿದ್ದಕ್ಕಿಂತ ಹೇಳದೆ ಉಳಿದದ್ದೇ ಹೆಚ್ಚು ಅನ್ನಿಸಿತು. ಯಾವಾಗ ಬಡ್ತಿ ಬಂತು, ಯಾವಾಗ ವರ್ಗವಾಯಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಮೂರು ಪ್ರಾಣಿಗಳ ಕಥೆ ಹೇಳುತ್ತೇನೆ. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಅವುಗಳ ಬೆನ್ನ ಮೇಲೇ ಇದೆ.

ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಅದನ್ನು ನೆಚ್ಚಿಕೊಂಡರೆ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಾದ ಮೇಲೆ, ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವನಾಗಿ ಸೇರಿದೆ. ಐವತ್ತರ ದಶಕದ ನಡುಭಾಗದ ಮಾತು. ಸುತ್ತಲ ಊರುಗಳ ಪುರಸಭೆಗಳಿಗೆ ಬೇಕಾದ ಚರಂಡಿ, ಸಂತೆಕಟ್ಟೆ, ನೀರಿನ ತೊಟ್ಟಿ ಎಲ್ಲಕ್ಕೂ ನಕ್ಷೆ ನಮ್ಮಲ್ಲೇ ಆಗಬೇಕು. ನನ್ನ ಮೇಲಿದ್ದವರು ಎಂಜಿನಿಯರ್ ನಂಜುಂಡಯ್ಯನವರು. ದೊಡ್ಡ ದೇಹ, ಇಸ್ತ್ರಿ ಕೆಡದ ಬಿಳಿ ಪ್ಯಾಂಟು, ತಲೆಗೆ ಹ್ಯಾಟು. ನಕ್ಕಿದ್ದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ.

ಒಂದು ದಿನ ನಾನು ಸಲ್ಲಿಸಿದ ಚರಂಡಿ ನಕ್ಷೆಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನಲ್ಲಿ, ಬೇಸರ ಕಳೆಯಲು ನಾನು ಗೀಚಿದ್ದ ಆನೆಯೊಂದು ಹಾಗೇ ಉಳಿದುಬಿಟ್ಟಿತ್ತು.

"ಏನ್ರೀ ಮೂರ್ತಿ, ಚರಂಡಿಗೆ ಆನೆ ಯಾಕ್ರೀ ಬಂತು?"

"ಅಳಿಸ್ತೀನಿ ಸಾರ್."

ಅವರು ಕಾಗದವನ್ನು ನನ್ನ ಕಡೆ ತಳ್ಳಿದರು. ಅದಾದ ಕೆಲವು ವಾರಗಳಿಗೆ, ಬಟವಾಡಿಯ ಕಡೆ ಹೋಗುವ ರಸ್ತೆಯ ಬದಿಯಲ್ಲಿ ಮಕ್ಕಳಿಗೊಂದು ಪಾರ್ಕು ಮಾಡಬೇಕು ಎಂದು ತೀರ್ಮಾನವಾಯಿತು. ಆಗ ಆ ಕಡೆಯೆಲ್ಲ ಹೊಲ. ಸಂಜೆಯಾದರೆ ಎತ್ತಿನ ಗಾಡಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಂಜುಂಡಯ್ಯನವರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಮಾತು: "ಆ ಆನೆ ಎಲ್ರೀ?"

ಹೀಗೆ ಶುರುವಾಯಿತು.

ಆನೆ ಕಟ್ಟಿದ್ದು ಗಾರೆ ಕೆಲಸದ ಮುನಿಯಪ್ಪ. ನನ್ನದೇ ವಯಸ್ಸು, ಸದಾ ಏನಾದರೊಂದು ಗುನುಗುತ್ತಾ ಕೆಲಸ ಮಾಡುವವನು. ಇಬ್ಬರಿಗೂ ಆನೆ ಕಟ್ಟಿ ಅಭ್ಯಾಸವಿರಲಿಲ್ಲ. ಮೊದಲು ಮಣ್ಣಿನಲ್ಲಿ ಒಂದು ಸಣ್ಣ ಆನೆ ಮಾಡಿ, ಅದರ ಅಳತೆ ಹಿಗ್ಗಿಸಿ, ಕಬ್ಬಿಣದ ಕಂಬಿ ಬಗ್ಗಿಸಿ ಅಸ್ಥಿಪಂಜರ ನಿಲ್ಲಿಸಿ, ಮೇಲೆ ಕೋಳಿಗೂಡಿಗೆ ಹೊದಿಸುವ ಜಾಲರಿ ಸುತ್ತಿ ಸಿಮೆಂಟು ಮೆತ್ತಿದೆವು. ಸಿಮೆಂಟಿಗೆ ಆಗ ಪರ್ಮಿಟ್ಟು ಬೇಕಿತ್ತು. ಆನೆಯ ಕಾಲು ಮುಗಿಯುವಷ್ಟರಲ್ಲಿ ಮೂಟೆಗಳು ಮುಗಿದು, ಹೊಟ್ಟೆಯಿಲ್ಲದ ನಾಲ್ಕು ಕಾಲುಗಳು ಒಂದು ಮಳೆಗಾಲವಿಡೀ ಹಾಗೇ ನಿಂತಿದ್ದವು. ಹೋಗಿಬರುವವರು ಅದನ್ನು ಮಂಟಪ ಅಂದುಕೊಂಡಿದ್ದರು.

ಬಾಲದ ಕಡೆ ಮೆಟ್ಟಿಲು, ಬೆನ್ನ ಮೇಲೆ ಅಂಬಾರಿಯಂಥ ಕಟ್ಟೆ, ಸೊಂಡಿಲ ಮೇಲೆ ಜಾರುವುದು. ಸೊಂಡಿಲನ್ನು ನೋಡಿ ಮುನಿಯಪ್ಪ ಕೇಳಿದ್ದ, "ಇಷ್ಟ್ ಉದ್ದ ಇರ್ತದಾ ಸ್ವಾಮಿ ಸೊಂಡ್ಲು?"

"ಇರಲ್ಲ. ಆದ್ರೆ ಹುಡುಗ್ರಿಗೆ ಜಾರೋಕೆ ಸಾಲ್ಬೇಕಲ್ಲ."

"ಹಂಗಾರೆ ಇನ್ನೊಂದ್ ಗೇಣು ಎಳೀತೀನಿ ಬುಡಿ."

ನಿಜವಾದ ಪ್ರಾಣಿಗೂ ಮಕ್ಕಳಿಗೆ ಬೇಕಾದ ಪ್ರಾಣಿಗೂ ಇರುವ ವ್ಯತ್ಯಾಸ ಆ ಒಂದು ಗೇಣು. ಎಳೆಯರಿಗೆ ನಾನು ಈಗಲೂ ಇದನ್ನೇ ಹೇಳುವುದು.

ಆನೆ ಮುಗಿದ ವಾರದಲ್ಲೇ ನಾಲ್ಕೈದು ಜನ ತಾಯಂದಿರು ಕಚೇರಿಗೆ ಬಂದರು. ಮುಂದೆ ನಿಂತಿದ್ದಾಕೆ ಒಂದು ಚಡ್ಡಿಯನ್ನು ನಂಜುಂಡಯ್ಯನವರ ಮೇಜಿನ ಮೇಲೆ ಹರವಿದರು. ಹಿಂಭಾಗ ಜರಡಿಯಾಗಿತ್ತು.

"ನೋಡಿ ಸ್ವಾಮಿ. ಇರೋ ಎಲ್ಲಾ ಚಡ್ಡೀನೂ ನಿಮ್ ಆನೆ ತಿಂದ್ ಹಾಕ್ತು. ನಾಳೆ ಸ್ಕೂಲಿಗೆ ಏನ್ ಹಾಕ್ಕೊಂಡ್ ಹೋಗ್ತಾನೆ ಇವ್ನು?"

ಎಂಜಿನಿಯರರು ಆ ಚಡ್ಡಿಯನ್ನು ಗಂಭೀರವಾಗಿ ಪರಿಶೀಲಿಸಿ ನನ್ನ ಕೈಗೆ ಕೊಟ್ಟರು. ಸಿಮೆಂಟು ತರಿತರಿಯಾಗಿತ್ತು. ನಾವು ಆನೆಯ ಚರ್ಮದಂತೆ ಕಾಣಲಿ ಎಂದು ಬೇಕೆಂದೇ ಹಾಗೆ ಮಾಡಿದ್ದೆವು. ಕಣ್ಣಿಗೆ ಚೆಂದ, ಕುಂಡೆಗೆ ಕೇಡು. ಮಾರನೆಯ ದಿನವೇ ಸೊಂಡಿಲಿಗೆ, ಮನೆಗಳ ನೆಲಕ್ಕೆ ಹಾಕುವ ಕೆಂಪು ಗಾರೆ ಬಳಿದು, ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದೆವು. ಕೆಂಪು ಸೊಂಡಿಲಿನ ಬೂದು ಆನೆ ಊರಿಗೆಲ್ಲ ಮೆಚ್ಚುಗೆಯಾಯಿತು. ಆದರೆ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿಟ್ಟಿದ್ದೆವು. ಬೇಸಗೆಯ ಸಂಜೆ ಶಾಲೆ ಬಿಟ್ಟು ಬರುವ ಹೊತ್ತಿಗೆ ಆ ಹೊಳಪು ಕಾದ ಕಾವಲಿಯಂತಾಗುತ್ತಿತ್ತು. ಪಕ್ಕದಲ್ಲೊಂದು ಹೊಂಗೆ ಸಸಿ ನೆಟ್ಟೆವು. ಅದು ದೊಡ್ಡದಾಗುವವರೆಗೆ ಮಕ್ಕಳು ಜಾರುವ ಮುಂಚೆ ಸೊಂಡಿಲ ಮೇಲೆ ನೀರು ಸುರಿಯುತ್ತಿದ್ದರು. ಹೀಗೆ ಜಾರಿ ಬಂದು ಕೆಸರಿನಲ್ಲಿ ಬೀಳುವುದು ಅವರಿಗೆ ಇನ್ನೂ ಇಷ್ಟವಾಯಿತು ಎಂಬುದು ಬೇರೆ ಮಾತು.

ಆನೆ ಕೈತಪ್ಪಿದ್ದು ನಿಧಾನವಾಗಿ. ಮೊದಲು ಯಾರೋ ಹಣೆಗೆ ಕುಂಕುಮ ಇಟ್ಟರು. ನನಗೆ ಖುಷಿಯೇ ಆಯಿತು, ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಕಿವಿಗೆ ದಾಸವಾಳ ಬಂತು. ಗಣೇಶನ ಹಬ್ಬದ ದಿನ ಮುಂದೆ ರಂಗೋಲಿ ಹಾಕಿ ಗರಿಕೆ ಇಟ್ಟಿದ್ದರು. ಹಬ್ಬ ಕಳೆದ ಮೇಲೆ ಒಬ್ಬ ಹಿರಿಯರು ದಿನಾ ಬೆಳಿಗ್ಗೆ ಬಂದು ದೀಪ ಹಚ್ಚತೊಡಗಿದರು. ಚಪ್ಪಲಿ ಹಾಕಿ ಹತ್ತಬೇಡಿ ಎಂದರು, ಸರಿ. ಆಮೇಲೆ ಸ್ನಾನ ಮಾಡದೆ ಹತ್ತಬೇಡಿ ಎಂದರು. ಒಂದು ಸಂಜೆ ನಾನು ಹೋದಾಗ ಮೆಟ್ಟಿಲಿಗೆ ಅಡ್ಡಲಾಗಿ ಬಿದಿರು ಕಟ್ಟಿತ್ತು. ಮಕ್ಕಳು ಬೇಲಿಯ ಆಚೆ ಗೋಲಿ ಆಡುತ್ತಿದ್ದರು.

ಆ ಹಿರಿಯರನ್ನು ಮಾತಾಡಿಸಿದೆ. "ಇದನ್ನ ಮಕ್ಕಳಿಗೆ ಅಂತ ಕಟ್ಟಿದ್ದು ತಾತ."

"ನೀನು ಯಾರಿಗ್ ಕಟ್ಟಿದ್ಯೋ ಏನೋ ಮಗ. ಬಂದು ಕೂತಿರೋನು ಗಣಪ. ದೇವ್ರ ತಲೆ ಮೇಲೆ ಕಾಲಿಡ್ತಾರಾ ಯಾರಾದ್ರೂ?"

ಅವರ ದನಿಯಲ್ಲಿ ಜಗಳವಿರಲಿಲ್ಲ. ಕಲ್ಲುಸಕ್ಕರೆಯ ಚೂರೊಂದನ್ನು ನನ್ನ ಕೈಗಿಟ್ಟರು. ಪುರಸಭೆಯವರಿಗೆ ಈ ವಿಷಯಕ್ಕೆ ಕೈಹಾಕುವ ಧೈರ್ಯವಿರಲಿಲ್ಲ. ನನ್ನ ಆನೆ ನನ್ನ ಕಣ್ಣೆದುರೇ ದೇವರಾಯಿತು. ನಂಜುಂಡಯ್ಯನವರು ಮಾತ್ರ, "ನಿಮ್ಮ ಹೆಸರಿನ ದೋಷ ಕಣ್ರೀ ಇದು, ಮೂರ್ತಿ ಅಂತ ಯಾಕ್ ಇಟ್ಕೊಂಡ್ರಿ?" ಎಂದು, ತಮ್ಮ ಮಾತಿಗೆ ತಾವೇ ನಗದೆ, ಇನ್ನೊಂದು ಕಾಗದ ಮುಂದಿಟ್ಟರು. "ಗುಬ್ಬಿ ಪುರಸಭೆಯವರೂ ಕೇಳ್ತಾ ಅವ್ರೆ. ಈ ಸಲ ಕೈ ಮುಗಿಯೋಕೆ ಆಗ್ದೇ ಇರೋದನ್ನ ಬರ್ಕೊಂಡ್ ಬನ್ನಿ."

ಅಂಥದ್ದು ಯಾವುದು? ಆನೆ ಆಗದು, ಹಸು ಆಗದು, ನವಿಲು, ಆಮೆ, ಮೀನು, ಹಾವು ಯಾವುದೂ ಆಗದು. ಇಲಿ ಕೂಡ ಆಗದು. ನಮ್ಮ ದೇವರುಗಳು ಒಂದು ಪ್ರಾಣಿಯನ್ನೂ ಬಿಟ್ಟಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಮಳೆ ಬಿದ್ದ ಬೆಳಿಗ್ಗೆ ಬಚ್ಚಲ ಗೋಡೆಯ ಮೇಲೆ ಬಸವನಹುಳು ಹತ್ತುತ್ತಿರುವುದನ್ನು ಕಂಡು ಸಮಾಧಾನವಾಯಿತು.

ನನ್ನ ಹೆಂಡತಿ ಸಾವಿತ್ರಿ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ನಾನು ಬಸವನಹುಳುವಿನ ಚಿತ್ರ ತೋರಿಸಿದಾಗ ಚೆನ್ನಾಗಿದೆ ಅನ್ನಲಿಲ್ಲ.

"ಒಂದ್ ಕೇಳ್ಲಾ? ನಿಮ್ ಆನೆ ಮೇಲೆ ಎಷ್ಟ್ ಜನ ಹೆಣ್ಮಕ್ಳು ಹತ್ತಿದ್ರು?"

ನಾನು ನೆನಪಿಸಿಕೊಳ್ಳಲು ನೋಡಿದೆ. ಚಡ್ಡಿ ಹರಿದ ಹುಡುಗರೇ ನೆನಪಾದರು.

"ನಮ್ ಸ್ಕೂಲಿನ್ ಹುಡ್ಗೀರ್ನ ಕರ್ಕೊಂಡ್ ಹೋಗಿದ್ದೆ. ಲಂಗ ಹಾಕಿರೋ ಮಕ್ಳು. ಮೆಟ್ಲು ಬಯಲಲ್ಲಿದೆ, ಕೆಳಗೆ ಗಂಡು ಹುಡುಗ್ರು ನಿಂತ್ಕೊಂಡು ಮೇಲೆ ನೋಡ್ತವೆ. ಒಬ್ಳೂ ಹತ್ಲಿಲ್ಲ. ಮರಳಲ್ಲಿ ಕೂತು ಗೂಡು ಕಟ್ಕೊಂಡ್ ಬಂದ್ವು."

ಆ ಚಿತ್ರವನ್ನು ಹರಿದು ಹೊಸದು ಬರೆದೆ. ಈ ಸಲ ಮೆಟ್ಟಿಲು ಚಿಪ್ಪಿನ ಒಳಗೆ. ಬಸವನಹುಳುವಿನ ಚಿಪ್ಪು ಹೇಗೆ ಸುತ್ತಿಕೊಂಡಿರುತ್ತದೋ ಹಾಗೆ ಒಳಗೇ ಸುತ್ತಿ ಸುತ್ತಿ ಹತ್ತಿ, ನೆತ್ತಿಯಲ್ಲಿ ಹೊರಬಂದು, ಕುತ್ತಿಗೆಯ ಮೇಲೆ ಜಾರಿ ನೆಲಕ್ಕೆ. ಹೊರಗಿನವರಿಗೆ ಹತ್ತುವುದು ಕಾಣುವುದೇ ಇಲ್ಲ. ಗುಬ್ಬಿಯ ಸಭೆಯಲ್ಲಿ ಒಬ್ಬ ಸದಸ್ಯರು, "ಬಸವನಹುಳು ಅಂದ್ರೆ ಹೆಸ್ರಲ್ಲೇ ಬಸವ ಅವ್ನಲ್ಲ, ನಾಳೆ ಇದಕ್ಕೂ ಗಂಟೆ ಕಟ್ಟಿದ್ರೆ?" ಎಂದು ಕೇಳಿದರು. ನಂಜುಂಡಯ್ಯನವರು, "ಕಟ್ಟಿದ್ರೆ ನಾನ್ ಬಿಚ್ಚಿಸ್ತೀನಿ" ಎಂದುಬಿಟ್ಟರು.

ಮುನಿಯಪ್ಪನೂ ನಾನೂ ಬೆಳಗಿನ ರೈಲಿಗೆ ಗುಬ್ಬಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದೆವು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸುಖವಾದ ದಿನಗಳು ಮತ್ತೆ ಬರಲಿಲ್ಲ. ಸ್ಟೇಷನ್ನಿನ ಎದುರು ಇಡ್ಲಿ ತಿಂದು ನಡೆದು ಹೋಗುವಾಗ ಮಕ್ಕಳು ಹಿಂದೆ ಬೀಳುತ್ತಿದ್ದರು. "ಹುಳಾ ಆಯ್ತಾ, ಹುಳಾ ಆಯ್ತಾ?" ಜಾರಲೆಂದು ಅಡಿಕೆಯ ಹಾಳೆಗಳನ್ನು ಮೊದಲೇ ಕೂಡಿಟ್ಟುಕೊಂಡಿದ್ದರು. ಹಾಳೆಯ ಮೇಲೆ ಕೂತು ಜಾರಿದರೆ ಚಡ್ಡಿಯೂ ಉಳಿಯಿತು, ವೇಗವೂ ಬಂತು.

ಶುರುವಿನ ದಿನ ಹೆಣ್ಣುಮಕ್ಕಳ ಸಾಲು ದೊಡ್ಡದಿತ್ತು. ಎಲ್ಲ ಒಳಗೆ ಹೋದವು, ಯಾರೂ ಮೇಲೆ ಬರಲಿಲ್ಲ. ಒಳಗಿನಿಂದ ಅಳು ಕೇಳಿಸಿತು. ಚಿಪ್ಪಿನೊಳಗೆ ಅಷ್ಟು ಕತ್ತಲಾಗುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ, ಏಕೆಂದರೆ ಕಟ್ಟುವಾಗ ಅದು ತೆರೆದಿತ್ತು. ಮುಂದಿದ್ದ ಪುಟ್ಟ ಹುಡುಗಿ ಹೆದರಿ ನಡುವೆ ಕೂತುಬಿಟ್ಟಿದ್ದಳು, ಹಿಂದಿನವರೆಲ್ಲ ಅವಳ ಹಿಂದೆ ಸಿಕ್ಕಿಕೊಂಡಿದ್ದರು. ನಾನು ಏನು ಮಾಡುವುದೆಂದು ನೋಡುವಷ್ಟರಲ್ಲಿ ನಂಜುಂಡಯ್ಯನವರು ಹ್ಯಾಟು ತೆಗೆದು ಮುನಿಯಪ್ಪನ ತಲೆಗಿಟ್ಟು, ಜಾರುವ ಕುತ್ತಿಗೆಯನ್ನೇ ಹತ್ತಿ, ನೆತ್ತಿಯ ಕಡೆಯಿಂದ ತಾವೇ ಒಳಗಿಳಿದರು. ಮಗುವನ್ನು ಎತ್ತಿ, ಹಿಂದೆಯೇ ಹತ್ತಿದ್ದ ನಮ್ಮ ಕೈಗೆ ಕೊಟ್ಟರು. ಹಿಂದಿನವೂ ಒಂದೊಂದಾಗಿ ಅವರ ಭುಜ ಹತ್ತಿ ಮೇಲೆ ಬಂದು ಜಾರಿ ಹೋದವು. ಎಂಜಿನಿಯರರು ಮಾತ್ರ ಬರಲಿಲ್ಲ.

"ಸಾರ್?" ಎಂದು ಬಗ್ಗಿ ಕರೆದೆ.

ಆಮೇಲೆ ಒಳಗಿನಿಂದ ಗುಂಯ್‌ಗುಡುವ ದನಿ: "ಹೊಟ್ಟೆ ಸಿಕ್ಕಾಕ್ಕೊಂಡಿದೆ ಕಣ್ರೀ."

ಮಕ್ಕಳೇ ಕೆಳಗಿನಿಂದ ಒಳಗೆ ಹೋಗಿ ತಳ್ಳಿದವು, ನಾವು ಮೇಲಿನಿಂದ ಎಳೆದೆವು. ಬಿಳಿ ಪ್ಯಾಂಟೆಲ್ಲ ಸಿಮೆಂಟಿನ ಪುಡಿಯಾಗಿ ಹೊರಬಂದವರು ಇಳಿಯಲು ಬೇರೆ ದಾರಿ ಇಲ್ಲದೆ, ಒಬ್ಬ ಹುಡುಗಿ ಕೊಟ್ಟ ಅಡಿಕೆ ಹಾಳೆಯ ಮೇಲೆ ಕೂತು, ಪುರಸಭೆಯ ಸದಸ್ಯರೆಲ್ಲರ ಎದುರಿಗೆ ಜಾರಿ ಬಂದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಆಗಲೇ. ಎದ್ದು ನಿಂತು ಹೇಳಿದರು, "ಒಳಗೆ ಬೆಳಕಿಲ್ಲ. ಚಿಪ್ಪಿಗೆ ತೂತು ಹೊಡೀರಿ. ಒಂದಲ್ಲ, ಬೇಕಾದಷ್ಟು."

ಮುನಿಯಪ್ಪ ಉಳಿ ಹಿಡಿದು ಚಿಪ್ಪಿನ ಸುತ್ತ ದೊಡ್ಡವು ಸಣ್ಣವು ತೂತುಗಳನ್ನು ತೆಗೆದ. ಆಮೇಲೆ ಒಳಗೆ ಹೋಗಿ ನೋಡಿದರೆ, ಗೋಡೆಯ ತುಂಬ ಬಿಸಿಲಿನ ಬಿಲ್ಲೆಗಳು. ಹೊತ್ತು ಏರಿದಂತೆ ಅವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹತ್ತುತ್ತಿದ್ದವು. ಎಷ್ಟೋ ಮಕ್ಕಳು ಜಾರುವುದನ್ನು ಬಿಟ್ಟು ಒಳಗೇ ಕೂತು ಅಂಗೈಯಲ್ಲಿ ಬೆಳಕು ಹಿಡಿದು ಆಡುತ್ತಿದ್ದವು. ನೋಡುವವರು ಇದನ್ನು ನನ್ನ ಕಲೆ ಎನ್ನುತ್ತಾರೆ. ಹೆದರಿದ ಒಂದು ಮಗು, ಸಿಕ್ಕಿಬಿದ್ದ ಒಬ್ಬ ಎಂಜಿನಿಯರು ಸೇರಿ ಮಾಡಿದ ಕಲೆ ಅದು.

ಕುಣಿಗಲ್ಲಿನ ಕೆಲಸ ಬಂದದ್ದು ಅರವತ್ತರ ದಶಕದಲ್ಲಿ. ಕುದುರೆ ಸಾಕುವ ಫಾರಮ್ಮಿಗೆ ಹೆಸರಾದ ಊರು, ಕುದುರೆಯೇ ಆಗಬೇಕು ಎಂದು ಅಲ್ಲಿನ ಪುರಸಭೆಯ ಅಧ್ಯಕ್ಷರು ಮೊದಲೇ ತೀರ್ಮಾನಿಸಿದ್ದರು. ಎತ್ತರದ ಕಟ್ಟೆಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆ, ಬೆಂಗಳೂರಿನ ಬಸ್ಸಿನಲ್ಲಿ ಬರುವವರಿಗೆ ದೂರದಿಂದಲೇ ಕಾಣಬೇಕು. ಹಾಗೇ ಒಂದು ಚಿತ್ರ ಬರೆದುಕೊಂಡು ಜಾಗ ನೋಡಲು ಹೋದೆ. ಕೆರೆಯ ಕಡೆಯ ಬಯಲು. ಅಂಚಿನಲ್ಲಿ ಒಬ್ಬ ಹೆಂಗಸು ಹುರಿದ ಕಡಲೆಕಾಯಿ ಮಾರುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು ಗಂಗಿ, ಎಂಟು ಒಂಬತ್ತರ ಹುಡುಗಿ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಾಲಿನ ಶಕ್ತಿಯೂ ಹೋಗಿತ್ತು. ಕೈಗಳನ್ನು ನೆಲಕ್ಕೂರಿ ಸರಿದು ಸರಿದು ನಾನು ಟೇಪು ಹಿಡಿದಲ್ಲೆಲ್ಲ ಬಂದಳು.

"ಏನ್ ಕಟ್ತೀರಾ ಸಾ?"

"ಕುದುರೆ."

"ನಿಂತಿರೋದಾ, ಮಲಗಿರೋದಾ?"

"ನಿಂತಿರೋದು. ಇಷ್ಟೆತ್ತರ."

ಅವಳು ನನ್ನ ಕೈ ತೋರಿಸಿದ ಎತ್ತರವನ್ನು ತಲೆಯೆತ್ತಿ ನೋಡಿ, "ಹಂಗಾರೆ ಅದು ನಂಗಲ್ಲ ಬುಡಿ" ಎಂದು ಅಮ್ಮನ ಕಡೆಗೆ ಸರಿದುಹೋದಳು. ದೂರು ಹೇಳಿದ ಹಾಗಿರಲಿಲ್ಲ. ಅವಳಿಗಲ್ಲದ ವಸ್ತುಗಳು ಲೋಕದಲ್ಲಿ ಬಹಳ ಇದ್ದವು, ಇದೂ ಒಂದು, ಅಷ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ಚಿತ್ರದ ಕಡೆ ನೋಡಲಾಗಲಿಲ್ಲ. ವಾರದಲ್ಲಿ ಮಲಗಿದ ಕುದುರೆಯೊಂದನ್ನು ಬರೆದೆ. ಅಧ್ಯಕ್ಷರು ಅದನ್ನು ಕೈಯಲ್ಲೂ ಹಿಡಿಯಲಿಲ್ಲ.

"ಮಲಗಿರೋ ಕುದುರೆ ಅಂದ್ರೆ ಸಾಯೋ ಕುದುರೆ ಕಣ್ರೀ. ಊರ ಬಾಗಿಲಲ್ಲಿ ಅಂಥದ್ದು ಇಡ್ತೀರಾ? ಆಗಲ್ಲ. ನಿಂತಿರೋದಾದ್ರೆ ಕಟ್ಟಿ, ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತೀವಿ."

ನಾನು ಗಂಗಿಯ ವಿಷಯ ಹೇಳಿದೆ. "ಒಂದು ಮಗೂಗೋಸ್ಕರ ಊರ ಕುದುರೆ ಮಲಗಿಸೋಕ್ ಆಗತ್ತಾ?" ಎಂದರು. ಅವರು ಕೆಟ್ಟವರಲ್ಲ. ಆ ಊರಿಗೆ ಹೆಮ್ಮೆಯ ವಸ್ತುವೊಂದು ಬೇಕೆಂದು ವರ್ಷಗಟ್ಟಲೆ ಓಡಾಡಿದ್ದವರು. ಜೊತೆಗೆ ಬಂದಿದ್ದ ನಂಜುಂಡಯ್ಯನವರು, "ಒಂದ್ ವಾರ ಕೊಡಿ" ಎಂದಷ್ಟೇ ಕೇಳಿದರು.

ಹಿಂದಿರುಗುವ ದಾರಿಯಲ್ಲಿ ಅವರು ಜೀಪನ್ನು ಕುದುರೆಗಳು ಮೇಯುವ ಬಯಲಿನ ಬೇಲಿಯ ಪಕ್ಕ ನಿಲ್ಲಿಸಿದರು. ಏನು ಹುಡುಕುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲಿಗೆ ಮೈಚೆಲ್ಲಿ ಮಲಗಿದ್ದ ಕಂದು ಬಣ್ಣದ ಹೆಣ್ಣುಕುದುರೆಯೊಂದು ಕಿವಿ ನಿಮಿರಿಸಿತು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಊರಿ, ಎದೆ ಮೇಲೆತ್ತಿ, ಕತ್ತು ಕೊಡವಿತು. ಹಿಂಭಾಗ ಇನ್ನೂ ನೆಲದ ಮೇಲೇ ಇತ್ತು. ಹಸು ಏಳುವುದು ಹಿಂಭಾಗದಿಂದ, ಅದನ್ನು ನೋಡಿ ಬೆಳೆದವನು ನಾನು. ಕುದುರೆ ಏಳುವುದು ಮುಂಭಾಗದಿಂದ. ಅರೆಕ್ಷಣ ಅದರ ಬೆನ್ನು ನೆಲದಿಂದ ಭುಜದವರೆಗೆ ಒಂದೇ ಇಳಿಜಾರಾಗಿ ಕಂಡಿತು. ಆಮೇಲೆ ಎದ್ದು ನಿಂತು ಮೇಯಲು ಹೋಯಿತು.

"ಸಾರ್, ಕಂಡ್ರಾ?"

"ಕಾಗದ ತಗೀರಿ ಮೊದ್ಲು," ಎಂದರು ನಂಜುಂಡಯ್ಯನವರು.

ಜೀಪಿನ ಬಾನೆಟ್ಟಿನ ಮೇಲೇ ಬರೆದೆ. ಏಳುತ್ತಿರುವ ಕುದುರೆ. ತಲೆ ಆಕಾಶಕ್ಕೆ, ಬಾಲ ನೆಲಕ್ಕೆ. ಬಾಲದಿಂದ ಶುರುವಾಗಿ ಬೆನ್ನುದ್ದಕ್ಕೂ ಅಗಲವಾದ ಏರು, ಭುಜದ ಬಳಿ ಕೂರಲು ಜಾಗ, ಅಲ್ಲಿಂದ ಪಕ್ಕೆಯ ಮೇಲೆ ಜಾರುವ ಹಾದಿ. ಅಧ್ಯಕ್ಷರು ಬಹಳ ಹೊತ್ತು ನೋಡಿ, "ಇದು ಮಲಗಿದೆಯೋ, ನಿಂತಿದೆಯೋ?" ಎಂದು ಕೇಳಿದರು.

"ಏಳ್ತಾ ಇದೆ ಸ್ವಾಮಿ," ಎಂದರು ನಂಜುಂಡಯ್ಯನವರು. "ನಿಮ್ಮೂರಿನ ಹಾಗೆ."

ಅಧ್ಯಕ್ಷರ ಮುಖ ಅರಳಿದ್ದನ್ನು ನೋಡಿ, ಈ ಮನುಷ್ಯ ಎಂಜಿನಿಯರಾಗದೆ ಚುನಾವಣೆಗೆ ನಿಲ್ಲಬೇಕಿತ್ತು ಅಂದುಕೊಂಡೆ.

ಹತ್ತುವಾಗ ಹಿಡಿಯಲು ಬೆನ್ನಿನ ಎರಡೂ ಬದಿಗೆ ಹಿಡಿಗಳು ಬೇಕಿದ್ದವು. ಅವುಗಳ ಅಳತೆ ಪುಸ್ತಕದಲ್ಲಿ ಸಿಗುವುದಿಲ್ಲ. ಗಂಗಿಯ ಕೈಗೆ ಹಸಿ ಜೇಡಿಮಣ್ಣಿನ ಉಂಡೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊ" ಎಂದೆ. ನಡೆಯುವ ಕೆಲಸವನ್ನೂ ಮಾಡುತ್ತಿದ್ದ ಕೈ, ಮುಷ್ಟಿಯ ಗುರುತು ಆಳವಾಗಿ ಮೂಡಿತು. ಅದೇ ಅಚ್ಚಿನಲ್ಲಿ ಮುನಿಯಪ್ಪ ಎಲ್ಲ ಹಿಡಿಗಳನ್ನೂ ಎರೆದ. ಯಾವುದಕ್ಕೆಂದು ನಾವು ಅವಳಿಗೆ ಹೇಳಲಿಲ್ಲ. ಆಸೆ ಹುಟ್ಟಿಸಿ, ಕೆಲಸ ಅರ್ಧಕ್ಕೆ ನಿಂತರೆ ಎಂಬ ಭಯ ನಮಗೆ.

ಶುರುವಿನ ದಿನ ಅವಳಿಗೆ ಹತ್ತಲಾಗಲಿಲ್ಲ. ಊರಿನ ಹುಡುಗರೆಲ್ಲ ನೊಣದಂತೆ ಮುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಮಗು ತುಳಿತಕ್ಕೆ ಸಿಕ್ಕೀತೆಂದು ತಾಯಿ ಅವಳನ್ನು ಎತ್ತಿಕೊಂಡು ಹೋಗಿಬಿಟ್ಟಳು. ಭಾಷಣಗಳಾದವು, ನಮಗೆ ಹಾರ ಹಾಕಿದರು. ನಾನು ಮಂಕಾಗಿ ಬಸ್ಸು ಹತ್ತಿದೆ. ಎಲ್ಲ ಲೆಕ್ಕ ಹಾಕಿದ್ದ ನಾನು, ಉಳಿದ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವಸ್ತುವನ್ನು ನಾವು ಕಟ್ಟಬಹುದು, ಅದರ ಮೇಲಿನ ಸಾಲನ್ನು ಕಟ್ಟಲಾಗುವುದಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದೇ ಬರಬೇಕು.

ಹದಿನೈದು ದಿನ ಬಿಟ್ಟು, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಲು ಮತ್ತೆ ಹೋದೆ. ಸಂಜೆಯ ಹೊತ್ತು. ಕಡಲೆಕಾಯಿಯ ಹೊಗೆ ಬಯಲಿನಲ್ಲಿ ಹರಡಿತ್ತು. ತಾಯಿಯ ಪಕ್ಕ ಗಂಗಿ ಇರಲಿಲ್ಲ.

"ಎಲ್ಲಮ್ಮಾ ಮಗಳು?"

ಅವಳು ಒಲೆ ಊದುವುದನ್ನು ನಿಲ್ಲಿಸದೆ ಗದ್ದವೆತ್ತಿ ಕುದುರೆಯ ಕಡೆ ತೋರಿಸಿದಳು. "ಸ್ಕೂಲು ಬುಡೋಕ್ ಮುಂಚೆ ಹತ್ತಿ ಕೂತ್ಕೋತಾಳೆ. ಆಮೇಲೆ ಕರುದ್ರೂ ಇಳಿಯಾಕಿಲ್ಲ. ಹುಡುಗ್ರು ಮೊದ್ಮೊದ್ಲು ಬೈಯ್ಯವು. ಈಗ ಅವ್ಳು ಹೇಳ್ದಂಗೆ ಸಾಲ್ಗೆ ನಿಂತ್ಕೋತವೆ."

ಕುದುರೆಯ ಭುಜದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಒಬ್ಬೊಬ್ಬರ ಹೆಸರು ಹಿಡಿದು ಕರೆದು ಜಾರಲು ಬಿಡುತ್ತಿದ್ದಳು. "ಲೇ ಸಿದ್ದ, ನಿಂದ್ ಆಯ್ತಲ್ಲ, ಹಿಂದಕ್ ಹೋಗ್ಲಾ." ನಾನು ಹತ್ತಿರ ಹೋಗಿ ಕೆಳಗೆ ನಿಂತೆ. ಯಾವಾಗಲೂ ತಲೆಯೆತ್ತಿ ನೋಡುತ್ತಿದ್ದವಳು ಈಗ ಬಗ್ಗಿ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ, ಯಾರಿಗೂ ಗೊತ್ತಿಲ್ಲದ ವಿಷಯವೊಂದನ್ನು ತಾನು ಮಾತ್ರ ಕಂಡವಳಂತೆ ಹೇಳಿದಳು:

"ಸಾ, ನಿಮ್ ನೆತ್ತಿ ಮೇಲೆ ಕೂದ್ಲೇ ಇಲ್ವಲ್ಲ."

ನಾನು ಕೈಯಾಡಿಸಿ ನೋಡಿಕೊಂಡೆ. ನಿಜವಾಗಿತ್ತು.